ಮರಣದಂಡನೆಯನ್ನು ಕುರಿತು ಒಂದು ನಮ್ರ ಅಭಿಪ್ರಾಯ

ನಮ್ಮ ಊರಿನಲ್ಲಿ ಪ್ರತಿ ಸೋಮವಾರ ಸಾಯಂಕಾಲ ನಡೆಯುವ ಚಿಂತನಗೋಷ್ಠಿ ಮುಗಿದ ಬಳಿಕ ಕೆಲವು ತರುಣರು ನನ್ನೊಡನೆ ಕುಳಿತು ಮಾತನಾಡುವುದು ವಾಡಿಕೆಯಾಗಿದೆ. ಇತ್ತೀಚೆಗೆ ಅವರು ಕೇಳುವ ಪ್ರಶ್ನೆಗಳು ಶಾಸ್ತ್ರಕ್ಕಿಂತ ಹೆಚ್ಚಾಗಿ ಲೋಕವ್ಯವಹಾರಕ್ಕೆ ಸೇರಿದವು. ಬಡವನ ಆಸ್ಪತ್ರೆಯ ಖರ್ಚನ್ನು ಸರಕಾರವೇ ಹೊರಬೇಕೆ? ದುಡಿಯಲು ಹೊರರಾಜ್ಯಗಳಿಂದ ಬಂದವರಿಗೆ ನಮ್ಮ ಊರುಗಳಲ್ಲಿ ಎಷ್ಟು ಹಕ್ಕು? ಘೋರ ಅಪರಾಧಿಗಳನ್ನು ಗಲ್ಲಿಗೇರಿಸುವುದು ಸರಿಯೆ, ತಪ್ಪೆ? ಮಠದಲ್ಲಿ ಓದಿದವರು ಇಂತಹ ವಿಷಯಗಳಲ್ಲಿ ಬಾಯಿ ಹಾಕಬಾರದೆಂದು ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದರು. ಅವರಲ್ಲಿ ನನಗೆ ಗೌರವವಿದೆ. ಅವರ ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಮಠದ ಪಾಠಶಾಲೆಯಲ್ಲಿ ನಮಗೆ ತರ್ಕವನ್ನು ಕಲಿಸಿದ ಗುರುಗಳು, ಪೂರ್ವಪಕ್ಷವನ್ನು ಅದನ್ನು ಹಿಡಿದವನೇ ತಲೆದೂಗುವಂತೆ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಬಾಯಿ ತೆರೆಯಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ಇಂದಿನ ಚರ್ಚೆಗಳಿಗೆ ಬೇಕಾದದ್ದು ಆ ಶಿಸ್ತೇ ಎಂದು ನನಗೆ ತೋರುತ್ತದೆ.

ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮರಣದಂಡನೆಯು ನಮ್ಮ ಕಾಯ್ದೆಯಿಂದ ಹೋಗಬೇಕು. ಅಪರಾಧಿಯ ಮೇಲಿನ ಕನಿಕರದಿಂದ ನಾನು ಹೀಗೆ ಹೇಳುತ್ತಿಲ್ಲ. ಎಳೆಯ ಹೆಣ್ಣುಮಗುವನ್ನು ಕೆಡಿಸಿ ಕೊಂದವನ ಸುದ್ದಿಯನ್ನು ಓದಿದಾಗ ನನ್ನ ಕೈಯೂ ನಡುಗುತ್ತದೆ. ನನ್ನ ಕಾರಣ ಬೇರೆ. ನ್ಯಾಯಪೀಠವು ಮನುಷ್ಯರಿಂದ ಕೂಡಿದ್ದು. ಅದು ಎಡವಬಹುದು, ಎಡವಿದೆ. ಎಡವಿದವನು ಎದ್ದು ತಿದ್ದಿಕೊಳ್ಳಲು ಶಿಕ್ಷೆಗೆ ಗುರಿಯಾದವನು ಜೀವದಿಂದ ಇರಬೇಕು.

ಈ ಪತ್ರಿಕೆಯನ್ನು ಓದುವ ಮನೆತನಗಳಿಗೆ ಮರಣದಂಡನೆಯೆಂಬುದು ದೂರದ ವಿಷಯವೆನ್ನುವಂತಿಲ್ಲ. ನಮ್ಮ ಸಮಾಜದ ಸಾಮೂಹಿಕ ಸ್ಮೃತಿಯ ನಡುವೆಯೇ ಒಂದು ರಾಜಶಿಕ್ಷೆ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಕುಲದಿಂದ ಬಂದ ಹರಳಯ್ಯನವರೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರೂ ಬೀಗತನ ಬೆಳೆಸಿದರೆಂಬ ಕಾರಣಕ್ಕೆ ಬಿಜ್ಜಳನು ಅವರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ ಆ ದೃಶ್ಯವನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ಕಣ್ಣೀರು ಹಾಕದ ಅಜ್ಜಿಯರು ನಮ್ಮ ಬಾಲ್ಯದಲ್ಲಿ ಇರಲಿಲ್ಲ. ಆ ಶಿಕ್ಷೆಯಿಂದ ರಾಜ್ಯದಲ್ಲಿ ಶಾಂತಿ ನೆಲಸಿತೆ? ಅದೇ ಪರಂಪರೆಯ ಪ್ರಕಾರ ಅದರ ಬೆನ್ನಿಗೇ ಅರಸನ ಹತ್ಯೆಯಾಯಿತು, ಶರಣರು ದಿಕ್ಕುಪಾಲಾದರು, ಕಲ್ಯಾಣ ಹಾಳಾಯಿತು.

ಇನ್ನೂ ಹತ್ತಿರದ ಕಾಲಕ್ಕೆ ಬರೋಣ. ಸೊಲ್ಲಾಪುರದ ಮಲ್ಲಪ್ಪ ಧನಶೆಟ್ಟಿಯವರನ್ನು ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರೊಡನೆ 1931ರ ಜನವರಿ 12ರಂದು ಯರವಡಾ ಕಾರಾಗೃಹದಲ್ಲಿ ನೇಣಿಗೇರಿಸಲಾಯಿತು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು. ಇವರೆಲ್ಲ ದೇಶಭಕ್ತರು, ಇವರನ್ನು ಕೊಲೆಗಾರರ ಸಾಲಿನಲ್ಲಿ ನಿಲ್ಲಿಸುವುದು ಸರಿಯೆ ಎಂದು ತರುಣರೊಬ್ಬರು ನನ್ನನ್ನು ಆಕ್ಷೇಪಿಸಿದರು. ನಾನು ನಿಲ್ಲಿಸುತ್ತಿಲ್ಲ, ನ್ಯಾಯಾಲಯ ನಿಲ್ಲಿಸಿತ್ತು. ಸೊಲ್ಲಾಪುರದಲ್ಲಿ ಸತ್ತವರು ಪೊಲೀಸರು. ಈಸೂರಿನಲ್ಲಿ ಸತ್ತವರು ಒಬ್ಬ ಅಮಲ್ದಾರರು, ಒಬ್ಬ ಪೊಲೀಸು ಅಧಿಕಾರಿ. ಎರಡು ಕಡೆಯೂ ಆಪಾದನೆ ಕೊಲೆಯದೇ. ಸಾಕ್ಷಿಗಳು ಬಂದರು, ವಕೀಲರು ವಾದಿಸಿದರು, ತೀರ್ಪು ಹೊರಟಿತು. ಆ ತೀರ್ಪು ಅನ್ಯಾಯವೆಂದು ದೇಶವು ಇಂದು ಹೇಳುತ್ತಿದೆ, ಹುತಾತ್ಮರ ಸ್ಮಾರಕಕ್ಕೆ ಮಾಲೆ ಹಾಕುತ್ತಿದೆ. ಆ ಮಾಲೆ ಕಲ್ಲಿಗೆ ಬೀಳುತ್ತದೆ, ಕೊರಳಿಗಲ್ಲ.

ಈಗ ಶಾಸ್ತ್ರದ ಮಾತು. ದುಷ್ಟಶಿಕ್ಷಣ, ಶಿಷ್ಟರಕ್ಷಣ ರಾಜಧರ್ಮವೆಂದೂ, ದಂಡವಿಲ್ಲದಿದ್ದರೆ ಬಲಿಷ್ಠನು ದುರ್ಬಲನನ್ನು ಮೀನು ಮೀನನ್ನು ನುಂಗುವಂತೆ ನುಂಗುವನೆಂದೂ ನಮ್ಮ ಪ್ರಾಚೀನರು ಹೇಳಿದ್ದಾರೆ. ಅದು ನಿಜವೇ. ಆದರೆ ಆ ಸ್ಮೃತಿಗಳನ್ನು ಮೂಲದಲ್ಲಿ ಓದಿದವರಿಗೆ ಇನ್ನೊಂದು ಸಂಗತಿಯೂ ಎದುರಾಗುತ್ತದೆ. ಅಲ್ಲಿ ದಂಡವು ಅಪರಾಧವನ್ನಷ್ಟೇ ನೋಡುವುದಿಲ್ಲ, ಅಪರಾಧಿಯ ಹುಟ್ಟನ್ನು ನೋಡುತ್ತದೆ. ಇತರರಿಗೆ ಪ್ರಾಣಾಂತಿಕ ದಂಡವಿರುವಲ್ಲಿ ಮನುಸ್ಮೃತಿಯು ಬ್ರಾಹ್ಮಣನಿಗೆ ತಲೆ ಬೋಳಿಸಿದರೆ ಸಾಕೆನ್ನುತ್ತದೆ. ಕಳವು ಮಾಡಿದ ಬ್ರಾಹ್ಮಣನಿಗೆ ಬರೆಯ ಗುರುತು ಹಾಕಿ ರಾಜ್ಯದಿಂದ ಹೊರಗೆ ಕಳುಹಿಸಬೇಕೆಂಬುದು ಯಾಜ್ಞವಲ್ಕ್ಯನ ಮತ. ಆ ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ಬರೆದದ್ದು ಬೇರೆಲ್ಲೂ ಅಲ್ಲ, ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಅದಾದ ಕೆಲವೇ ದಶಕಗಳಲ್ಲಿ ಅದೇ ನಗರದ ಬೀದಿಯಲ್ಲಿ ಹರಳಯ್ಯನವರನ್ನು ಎಳೆಸಲಾಯಿತು. ಹುಟ್ಟಿನ ರಕ್ಷಣೆಯಿದ್ದ ಮಧುವರಸರು ಸಮಗಾರನೊಡನೆ ಸಂಬಂಧ ಬೆಳೆಸಿದೊಡನೆ ಅದನ್ನು ಕಳೆದುಕೊಂಡರು. ಈ ಎರಡು ಸಂಗತಿಗಳನ್ನು ನಾವು ಸಾಮಾನ್ಯವಾಗಿ ಒಟ್ಟಿಗೆ ಇಟ್ಟು ನೋಡುವುದಿಲ್ಲ, ನೋಡಬೇಕು.

ಅದೇ ಸಂಸ್ಕೃತ ವಾಙ್ಮಯದಲ್ಲಿ ಇದಕ್ಕೆ ಎದುರುನುಡಿಯೂ ಇದೆ. ಮಹಾಭಾರತದ ಶಾಂತಿಪರ್ವದಲ್ಲಿ ದ್ಯುಮತ್ಸೇನನಿಗೂ ಆತನ ಮಗ ಸತ್ಯವಾನನಿಗೂ ನಡೆದ ಒಂದು ಸಂವಾದ ಬರುತ್ತದೆ. ಸಾವಿತ್ರಿಯ ಗಂಡನೆಂದಷ್ಟೇ ನಮ್ಮ ಮನೆಗಳಲ್ಲಿ ಪರಿಚಿತನಾದ ಸತ್ಯವಾನನು ಇಲ್ಲಿ ದೊಡ್ಡ ನ್ಯಾಯಶಾಸ್ತ್ರಜ್ಞನಂತೆ ಮಾತನಾಡುತ್ತಾನೆ. ತಂದೆಯ ಅಪ್ಪಣೆಯಂತೆ ಕೆಲವರನ್ನು ವಧಸ್ಥಾನಕ್ಕೆ ಒಯ್ಯುತ್ತಿರುವಾಗ ಆತನು ತಡೆದು ಹೇಳುವ ಮಾತಿನ ತಾತ್ಪರ್ಯ ಇಷ್ಟು: ದರೋಡೆಕೋರನೊಬ್ಬನನ್ನು ಕೊಂದಾಗ ಅರಸನು ಅವನೊಬ್ಬನನ್ನೇ ಕೊಲ್ಲುವುದಿಲ್ಲ, ತಪ್ಪು ಮಾಡದ ಅವನ ಹೆಂಡತಿ, ತಾಯಿ, ತಂದೆ, ಮಕ್ಕಳನ್ನೂ ಕೊಂದಂತಾಗುತ್ತದೆ. ಕೆಟ್ಟವನು ತಿದ್ದಿಕೊಳ್ಳುವುದುಂಟು, ಕೆಟ್ಟವನ ಮಕ್ಕಳು ಒಳ್ಳೆಯವರಾಗುವುದುಂಟು. ಆದುದರಿಂದ ಬೇರನ್ನೇ ಕಿತ್ತುಹಾಕಬಾರದು. ತಂದೆಯು ಸುಮ್ಮನೆ ಒಪ್ಪುವುದಿಲ್ಲ. ಹಿಂದಿನ ಕಾಲದ ಜನರಿಗೆ ಬೈಗುಳವೇ ಸಾಕಾಗಿತ್ತು, ಈಗಿನವರಿಗೆ ವಧೆಯೂ ಸಾಲದೆಂದು ಅವನು ವಾದಿಸುತ್ತಾನೆ. ನಮ್ಮ ಕಟ್ಟೆಯ ಮೇಲೆ ಕುಳಿತ ಹಿರಿಯರ ಮಾತಿಗೂ ಇದಕ್ಕೂ ಏನು ಅಂತರ? ಕಾಲ ಕೆಟ್ಟಿತೆಂಬ ದೂರು ಮಹಾಭಾರತದಷ್ಟು ಹಳೆಯದು.

ಸ್ವತಂತ್ರ ಭಾರತದಲ್ಲಿ ಹುಟ್ಟು ನೋಡಿ ದಂಡ ವಿಧಿಸುವಂತಿಲ್ಲ. ಕಾಯ್ದೆಯ ಅಕ್ಷರದಲ್ಲಿ ಎಲ್ಲರೂ ಸಮಾನರು. ಡಾ. ಅಂಬೇಡ್ಕರರು 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಮರಣದಂಡನೆಯನ್ನೇ ರದ್ದುಪಡಿಸುವುದು ತಮಗೆ ಹೆಚ್ಚು ಇಷ್ಟವೆಂಬ ಅಭಿಪ್ರಾಯವನ್ನು ತಿಳಿಸಿದ್ದರು. ಸಭೆ ಅತ್ತ ಸಾಗಲಿಲ್ಲ. ಆದರೂ ಕಾಯ್ದೆ ಹಂತಹಂತವಾಗಿ ಮೃದುವಾಯಿತು. 1955ರವರೆಗೆ, ಕೊಲೆ ಸಾಬೀತಾದಾಗ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶರು ಅದಕ್ಕೆ ಕಾರಣ ಬರೆಯಬೇಕಿತ್ತು. 1973ರ ಸಂಹಿತೆಯಲ್ಲಿ ಇದು ತಿರುವುಮುರುವಾಯಿತು. ಗಲ್ಲು ವಿಧಿಸುವುದಾದರೆ ವಿಶೇಷ ಕಾರಣ ಕೊಡಬೇಕು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಗಲ್ಲು ಎಂಬ ಪ್ರಸಿದ್ಧ ಸೂತ್ರವನ್ನು ಕೊಟ್ಟಿತು. ಐವರು ನ್ಯಾಯಮೂರ್ತಿಗಳಲ್ಲಿ ಭಗವತಿಯವರೊಬ್ಬರು ಭಿನ್ನಮತ ಸೂಚಿಸಿದರು. ಈ ಶಿಕ್ಷೆ ಮುಖ್ಯವಾಗಿ ಬಡವರ ಮೇಲೆ ಬೀಳುತ್ತದೆಂಬುದು ಅವರ ಒಂದು ಕಾರಣವಾಗಿತ್ತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರು ಅಧ್ಯಯನ ಮಾಡಿದ ಗಲ್ಲುಶಿಕ್ಷೆಯ ಕೈದಿಗಳಲ್ಲಿ ನೂರಕ್ಕೆ 74ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿದ್ದವನು ಕೊಲೆಯನ್ನೇ ಮಾಡುವುದಿಲ್ಲವೆಂದು ನಂಬಲು ನಾನು ಸಿದ್ಧನಿಲ್ಲ.

ಎಡವುವುದೆಂದೆನಷ್ಟೆ. ಅದಕ್ಕೆ ಉದಾಹರಣೆ ಕೊಡದೆ ಮುಂದುವರಿದರೆ ಓದುಗರು ನನ್ನ ಮಾತನ್ನು ಗಾಳಿಮಾತೆಂದು ತಳ್ಳಿಹಾಕಬಹುದು. ಒಂದೇ ಕೊಲೆ ಪ್ರಕರಣದಲ್ಲಿ ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರಬನ್ಸ್ ಸಿಂಗ್ ಎಂಬ ಮೂವರಿಗೆ ಗಲ್ಲು ವಿಧಿಸಲಾಗಿತ್ತು. ಮೂವರ ಪಾತ್ರವೂ ಸಮಾನ. ಅವರ ಅರ್ಜಿಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ನ್ಯಾಯಮೂರ್ತಿಗಳ ಮುಂದೆ ಬಂದವು. ಕಶ್ಮೀರಾ ಸಿಂಗನ ಶಿಕ್ಷೆ ಜೀವಾವಧಿಗೆ ಇಳಿಯಿತು. ಜೀತಾ ಸಿಂಗನನ್ನು 1981ರ ಅಕ್ಟೋಬರ್ 6ರಂದು ಗಲ್ಲಿಗೇರಿಸಲಾಯಿತು. ಹರಬನ್ಸ್ ಸಿಂಗನ ವಿಷಯದಲ್ಲಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ವಿಪರ್ಯಾಸವನ್ನು ಕಂಡು, ಶಿಕ್ಷೆಯನ್ನು ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಒಂದೇ ಕೃತ್ಯ, ಮೂರು ಗತಿ. ಇನ್ನೊಂದು: ರಾಜಸ್ಥಾನದ ರಾವ್ಜಿ ಎಂಬವನ ಪ್ರಕರಣದಲ್ಲಿ 1996ರಲ್ಲಿ ನೀಡಿದ ತೀರ್ಪು ಬಚನ್ ಸಿಂಗ್ ಸೂತ್ರವನ್ನು ಅಲಕ್ಷಿಸಿ ಕೊಟ್ಟದ್ದೆಂದು ಅದೇ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹೇಳಿತು. ರಾವ್ಜಿಯನ್ನು 1996ರಲ್ಲಿಯೇ ಗಲ್ಲಿಗೇರಿಸಿ ಆಗಿತ್ತು.

ಈ ಎಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ನೆರೆಯ ಮಹಾರಾಷ್ಟ್ರದ ಒಂದು ಪ್ರಕರಣ. 2003ರಲ್ಲಿ ಒಂದು ಬಡ ಕುಟುಂಬದ ಮೇಲೆ ರಾತ್ರಿ ದಾಳಿ ನಡೆದು ಕೊಲೆ, ಅತ್ಯಾಚಾರಗಳಾದವು. ಅಲೆಮಾರಿ ಬುಡಕಟ್ಟಿಗೆ ಸೇರಿದ ಆರು ಮಂದಿಯನ್ನು ಹಿಡಿಯಲಾಯಿತು. ಉಚ್ಚ ನ್ಯಾಯಾಲಯವು ಮೂವರಿಗೆ ಗಲ್ಲು, ಮೂವರಿಗೆ ಜೀವಾವಧಿ ಎಂದಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರೂ ಜನರಿಗೆ ಗಲ್ಲೆಂದಿತು. ಅವರಲ್ಲಿ ಒಬ್ಬನು ಘಟನೆಯ ಕಾಲಕ್ಕೆ ಪ್ರಾಪ್ತವಯಸ್ಕನೇ ಆಗಿರಲಿಲ್ಲವೆಂಬುದು ಆ ಮೇಲೆ ಗೊತ್ತಾಯಿತು. ಕೊನೆಗೆ 2019ರ ಮಾರ್ಚ್‌ನಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಮರುವಿಚಾರಣೆ ನಡೆಸಿ ಆರೂ ಜನ ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರಕಾರಕ್ಕೆ ಆದೇಶಿಸಿತು. ಬದುಕುಳಿದ ಸಾಕ್ಷಿಯು ಪೊಲೀಸರ ಬಳಿಯಿದ್ದ ಭಾವಚಿತ್ರಗಳಲ್ಲಿ ಮೊದಲು ಗುರುತಿಸಿದ್ದು ಬೇರೆಯೇ ನಾಲ್ವರನ್ನು! ಹದಿನಾರು ವರ್ಷ ಸೆರೆಮನೆ. 2009 ಮತ್ತು 2019ರ ನಡುವೆ ಹಗ್ಗ ಎಳೆಯುವವನು ಸ್ವಲ್ಪ ಚುರುಕಾಗಿದ್ದರೆ ಆ 2019ರ ತೀರ್ಪಿಗೆ ಅರ್ಥವೇನಿತ್ತು? ವಿಳಂಬವನ್ನು ನಾವು ನ್ಯಾಯಾಂಗದ ದೋಷವೆಂದು ಬಯ್ಯುತ್ತೇವೆ. ಆ ಆರು ಮಂದಿಗೆ ಆ ದೋಷವೇ ಜೀವದಾನ ಮಾಡಿತು.

ಇಷ್ಟು ಹೇಳಿ ಸುಮ್ಮನಾದರೆ ನನ್ನ ಗುರುಗಳು ಮೆಚ್ಚುವುದಿಲ್ಲ. ಪೂರ್ವಪಕ್ಷವನ್ನು ಬಲವಾಗಿ ಹಿಡಿದವರು ನನ್ನ ಮನೆಯಲ್ಲಿಯೇ ಇದ್ದಾರೆ, ನನ್ನ ಅಕ್ಕ.

1987ರಲ್ಲಿ ನಮ್ಮ ಭಾವನವರನ್ನು ಹೊಲದ ಬದುವಿನ ಜಗಳದಲ್ಲಿ ಕೊಡಲಿಯಿಂದ ಕೊಂದರು. ಅಕ್ಕನಿಗೆ ಆಗ ಮೂವತ್ತೊಂದು ವರ್ಷ, ಮೂರು ಮಕ್ಕಳು, ಕೊನೆಯದು ಇನ್ನೂ ಎದೆಹಾಲು ಕುಡಿಯುವ ಕೂಸು. ಮೂವರ ಮೇಲೆ ಮೊಕದ್ದಮೆ ನಡೆಯಿತು. ಒಬ್ಬನಿಗೆ ಜೀವಾವಧಿ, ಇಬ್ಬರ ಬಿಡುಗಡೆ. ಅಕ್ಕ ಸಾಕ್ಷಿ ಹೇಳಲು ಜಿಲ್ಲಾ ನ್ಯಾಯಾಲಯಕ್ಕೆ ಕೂಸನ್ನು ಎತ್ತಿಕೊಂಡು ನಾಲ್ಕು ಸಲ ಹೋಗಿ, ಮೂರು ಸಲ ತಾರೀಖು ಮುಂದಕ್ಕೆ ಹೋಯಿತೆಂದು ಮರಳಿದಳು. ಜಗುಲಿಯಲ್ಲಿ ಆರೋಪಿಗಳ ಬಂಧುಗಳೂ ಆಕೆಯೂ ಮಾರು ದೂರದಲ್ಲಿ ಕುಳಿತಿರುತ್ತಿದ್ದರು. ತೀರ್ಪಿನ ದಿನ ಯಾವುದೆಂದು ಆಕೆಗೆ ಯಾರೂ ತಿಳಿಸಲಿಲ್ಲ. ಆಕೆಗೆ ಸುದ್ದಿ ತಿಳಿದದ್ದು ನಾಲ್ಕು ದಿನಗಳ ತರುವಾಯ, ಸಂತೆಯಲ್ಲಿ, ಮೆಣಸಿನಕಾಯಿ ಮಾರುವವಳ ಬಾಯಿಂದ. ಬಿಡುಗಡೆಯಾದ ಇಬ್ಬರ ವಿರುದ್ಧ ಸರಕಾರ ಮೇಲ್ಮನವಿ ಹೋಗಲಿಲ್ಲ. ಸತ್ತವನ ಹೆಂಡತಿಗೆ ಮೇಲ್ಮನವಿಯ ಹಕ್ಕು ಆ ಕಾಲದ ಕಾಯ್ದೆಯಲ್ಲಿ ಇರಲಿಲ್ಲ. ಪರಿಹಾರವೆಂದು ಒಂದು ಬಿಡಿಗಾಸು ಬರಲಿಲ್ಲ. ಎರಡು ಎಮ್ಮೆ ಕಟ್ಟಿ, ಪ್ರಸಾದನಿಲಯದ ಹುಡುಗರಿಗೆ ರೊಟ್ಟಿ ಬಡಿದು ಆಕೆ ಮಕ್ಕಳನ್ನು ಓದಿಸಿದಳು. ಶಿಕ್ಷೆಯಾದವನು 2003ರಲ್ಲಿ ಊರಿಗೆ ಮರಳಿದನು. ಅದೇ ಓಣಿ, ಅದೇ ಹಿಟ್ಟಿನ ಗಿರಣಿ. ಮೊದಲ ಸಲ ಅವನನ್ನು ಗಿರಣಿಯ ಸಾಲಿನಲ್ಲಿ ಕಂಡ ದಿನ ಅಕ್ಕ ಜೋಳದ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದಿದ್ದಳು.

ನನ್ನ ಅಭಿಪ್ರಾಯವನ್ನು ಆಕೆಗೆ ಒಮ್ಮೆ ವಿವರಿಸಿ ಹೇಳಿದೆ. ಕೊನೆಯವರೆಗೂ ಕೇಳಿದಳು. "ತಮ್ಮಾ, ನೀ ಓದಿದಾವ, ನೀ ಹೇಳೂದು ಖರೇನ ಇರಬೇಕು. ಆದ್ರ ಅವನ ಮಾರಿ ನೋಡ್ಕೋತ ನಾ ಇಪ್ಪತ್ತು ವರ್ಷ ಹಿಟ್ಟು ಬೀಸಿಸಿಕೊಂಡು ಬಂದೀನಿ. ನನ್ನ ಮುಂದ ಈ ಮಾತು ಆಡಬ್ಯಾಡ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮರಣದಂಡನೆಯನ್ನು ವಿರೋಧಿಸುವ ಪಂಡಿತರು ಬಹಳ ಮಂದಿ ಈ ಗಿರಣಿಯ ಸಾಲನ್ನು ತಮ್ಮ ಲೆಕ್ಕದಲ್ಲಿ ಸೇರಿಸುವುದಿಲ್ಲವೆಂಬುದು ನನ್ನ ದೂರು.

ಆದರೆ ಆಕೆಯ ಬಾಳನ್ನು ನೋಡುತ್ತ ನಾನು ಕೇಳಿಕೊಂಡದ್ದು ಇದು. ಗಲ್ಲುಶಿಕ್ಷೆ ಆಗಲೂ ಕಾಯ್ದೆಯಲ್ಲಿ ಇತ್ತಲ್ಲವೆ? ಅದರಿಂದ ಆಕೆಗೆ ಬಂದದ್ದೇನು? ನಮ್ಮ ದೇಶದಲ್ಲಿ ವರ್ಷಕ್ಕೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಕೊಲೆಗಳು ದಾಖಲಾಗುತ್ತವೆ. 2001ರಿಂದ 2020ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಗಲ್ಲಿಗೇರಿದವರು ಎಂಟೇ ಮಂದಿ: 2004, 2012, 2013, 2015ರಲ್ಲಿ ಒಬ್ಬೊಬ್ಬರು, 2020ರ ಮಾರ್ಚ್ 20ರಂದು ದೆಹಲಿಯಲ್ಲಿ ನಾಲ್ವರು. ಬದುವಿನ ಜಗಳದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಸರಕಾರ ತೋರಿಸುವ ಈ ಹಗ್ಗ ಎಂದೂ ಅವಳ ಕೈಗೆ ಸಿಗದ ಬಹುಮಾನದಂತೆ. ಅದನ್ನು ತೋರಿಸುತ್ತ, ಸಿಗಬೇಕಾದ ಸಣ್ಣಪುಟ್ಟವುಗಳನ್ನೆಲ್ಲ ಮರೆಯಲಾಗುತ್ತದೆ. ತಾರೀಖಿನ ಸೂಚನೆ, ಕುಳಿತುಕೊಳ್ಳಲು ಬೇರೆ ಕೋಣೆ, ಬಸ್ಸಿನ ಖರ್ಚು, ಮಕ್ಕಳ ಶಾಲೆಗೆ ನೆರವು, ಬಿಡುಗಡೆಯಾಗಿ ಬರುವವನು ಯಾವ ದಿನ ಬರುತ್ತಾನೆಂಬ ಮುನ್ಸೂಚನೆ, ಇವಾವುವೂ ಆಕೆಗೆ ದೊರೆಯಲಿಲ್ಲ. ಸಂಸತ್ತು 2008ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ನೊಂದವರಿಗೆ ಪರಿಹಾರ ನಿಧಿಯನ್ನೂ ಬಿಡುಗಡೆಯ ವಿರುದ್ಧ ಮೇಲ್ಮನವಿಯ ಹಕ್ಕನ್ನೂ ಕೊಟ್ಟಿತು. ಕರ್ನಾಟಕದಲ್ಲಿ ಪರಿಹಾರದ ಯೋಜನೆ 2011ರಲ್ಲಿ ಬಂದಿತು. ಒಳ್ಳೆಯದಾಯಿತು. ನಮ್ಮ ಓದುಗರ ಮನೆಗಳಲ್ಲಿ ಅಂತಹ ದುರ್ದೈವಿಗಳಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದೆಂಬುದನ್ನು ದಯವಿಟ್ಟು ತಿಳಿದಿರಿ. ನಾನು ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಇದು ಗೊತ್ತಿರಲಿಲ್ಲ. ನೇಣಿಗೆ ಹಾಕಬೇಕೆಂದು ಮಾತ್ರ ಹತ್ತೂ ಮಂದಿಗೆ ಗೊತ್ತಿತ್ತು.

ಗಲ್ಲಿನ ಭಯದಿಂದ ಕೊಲೆ ಕಡಿಮೆಯಾಗುತ್ತದೆಂಬ ವಾದವನ್ನು ಹೆಚ್ಚು ಬೆಳೆಸುವುದಿಲ್ಲ. ತಿರುವಾಂಕೂರು ಸಂಸ್ಥಾನವು 1944ರಲ್ಲಿ ಮರಣದಂಡನೆಯನ್ನು ರದ್ದುಪಡಿಸಿತ್ತು; ಭಾರತದಲ್ಲಿ ಸೇರಿದ ಮೇಲೆ ಅದು ಮರಳಿ ಬಂದಿತು. ಇದ್ದಾಗ, ಇಲ್ಲದಾಗ ಅಲ್ಲಿ ನಡೆದ ಕೊಲೆಗಳ ಎಣಿಕೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ನೇಪಾಳ, ಭೂತಾನಗಳು ಈ ಶಿಕ್ಷೆಯನ್ನು ಕೈಬಿಟ್ಟಿವೆ. ಶ್ರೀಲಂಕೆಯಲ್ಲಿ 1976ರ ನಂತರ ಯಾರನ್ನೂ ಗಲ್ಲಿಗೇರಿಸಿಲ್ಲ. ಬದುವಿನ ಮೇಲೆ ಕೊಡಲಿ ಎತ್ತಿದವನು ಆ ಕ್ಷಣದಲ್ಲಿ ದಂಡಸಂಹಿತೆಯ ಕಲಮುಗಳನ್ನು ನೆನೆಯುವುದಿಲ್ಲ.

ಹಾಗಾದರೆ ಘೋರ ಪಾತಕಿಯನ್ನು ಹದಿನಾಲ್ಕು ವರ್ಷ ಅನ್ನ ಹಾಕಿ ಸಾಕಿ ಬಿಟ್ಟುಬಿಡಬೇಕೆ ಎಂದು ಎಲ್ಲರೂ ಕೇಳುತ್ತಾರೆ. ಇದೊಂದು ತಪ್ಪು ತಿಳಿವಳಿಕೆ. ಕಾಯ್ದೆಯ ದೃಷ್ಟಿಯಲ್ಲಿ ಜೀವಾವಧಿಯೆಂದರೆ ಜೀವ ಇರುವವರೆಗೆ. ಹದಿನಾಲ್ಕು ವರ್ಷವೆಂಬುದು, ಕೊಲೆಯಂತಹ ಅಪರಾಧಗಳಲ್ಲಿ, ಅದಕ್ಕೆ ಮುಂಚೆ ಬಿಡುವಂತಿಲ್ಲವೆಂಬ ಕನಿಷ್ಠ ಮಿತಿ ಅಷ್ಟೆ. ಅನಂತರ ಬಿಡುವುದೂ ಬಿಡದಿರುವುದೂ ಸರಕಾರದ ವಿವೇಚನೆ. ಈ ವಿವೇಚನೆಗೂ ಬೇಲಿ ಹಾಕುವ ದಾರಿಯನ್ನು ತೋರಿಸಿದ್ದು ನಮ್ಮ ಬೆಂಗಳೂರಿನದೇ ಒಂದು ಪ್ರಕರಣ. ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲಿ ಹೂತಿದ್ದ ಶ್ರದ್ಧಾನಂದ ಎಂಬವನಿಗೆ 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಲ್ಲಿಗೆ ಬದಲಾಗಿ, ಸಾಯುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. ಅಂತಹ ಶಿಕ್ಷೆ ಸಿಂಧುವೆಂದು 2015ರಲ್ಲಿ ಸಂವಿಧಾನ ಪೀಠವೂ ಹೇಳಿತು. ಸಮಾಜದ ರಕ್ಷಣೆಗೆ ಇದು ಸಾಲದೆ? ನಾಳೆ ತಪ್ಪು ಬಯಲಾದರೆ ಬಾಗಿಲು ತೆರೆಯಲು ಕೀಲಿಕೈಯಾದರೂ ಉಳಿದಿರುತ್ತದೆ.

ಬೆಳಗಾವಿಯ ಹಿಂಡಲಗಾ ಕಾರಾಗೃಹದ ಮುಂದೆ ಹಾದುಹೋಗುವ ರಸ್ತೆಯಲ್ಲಿ ನಾನು ಎಷ್ಟೋ ಸಲ ಪ್ರಯಾಣ ಮಾಡಿದ್ದೇನೆ. ನಮ್ಮ ರಾಜ್ಯದ ಗಲ್ಲುಗಂಬ ಅಲ್ಲಿದೆ. 1983ರ ನಂತರ ಅಲ್ಲಿ ಯಾರನ್ನೂ ಗಲ್ಲಿಗೇರಿಸಿಲ್ಲ. ಆದರೂ ಗಲ್ಲಿನ ನೆರಳು ಮಾಡುವ ಕೆಲಸ ನಿಂತಿಲ್ಲ. ಅಲ್ಲಿದ್ದ ಒಬ್ಬ ಗಲ್ಲುಕೈದಿಯನ್ನು, ಆತನ ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲೇ, 2006ರಿಂದ ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಡಲಾಗಿತ್ತು. ಅವನ ಅಪರಾಧ ಹೇಳಲು ನಾಚಿಕೆಯಾಗುವಂತಹದು. ಆದರೂ ನ್ಯಾಯಾಲಯವು ವಿಧಿಸದ ಒಂಟಿವಾಸವನ್ನು ಕಾರಾಗೃಹವು ವಿಧಿಸುವಂತಿಲ್ಲವೆಂದು 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗಲ್ಲನ್ನು ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿತು. ಅದೇ ಹಿಂಡಲಗಾದಲ್ಲಿ ವೀರಪ್ಪನ್‌ನ ಸಹಚರರೆಂದು ಶಿಕ್ಷೆಯಾದ ನಾಲ್ವರಿದ್ದರು. 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತಿದ್ದರು. ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಈ ನಾಲ್ವರಿಗೆ ವಿಧಿಸಿದ್ದು ಜೀವಾವಧಿ. ಅದರ ವಿರುದ್ಧ ಅವರು ಮೇಲ್ಮನವಿ ಹೋದರು; 2004ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಧೂಳು ತಿಂದು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿಯಲ್ಲಿ ಆ ವಿಳಂಬದ ಕಾರಣದಿಂದಲೇ ಗಲ್ಲು ಮತ್ತೆ ಜೀವಾವಧಿಗೆ ಇಳಿಯಿತು. ಏರಿಸಿದ್ದೂ ಇಳಿಸಿದ್ದೂ ಒಂದೇ ನ್ಯಾಯಾಲಯ. ಸ್ಫೋಟದಲ್ಲಿ ಸತ್ತ 22 ಜನರ ಮನೆಯವರು ಈ ಏರಿಳಿತವನ್ನು ಇಪ್ಪತ್ತು ವರ್ಷ ನೋಡಬೇಕಾಯಿತೆಂಬುದನ್ನೂ ಮರೆಯಬಾರದು.

ನ್ಯಾಯಮೂರ್ತಿ ಎ. ಪಿ. ಶಹಾ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 2015ರ ಆಗಸ್ಟ್‌ನಲ್ಲಿ ತನ್ನ 262ನೆಯ ವರದಿಯನ್ನು ಸಲ್ಲಿಸಿ, ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಹೂಡುವ ಅಪರಾಧಗಳನ್ನು ಬಿಟ್ಟು ಉಳಿದವುಗಳಿಗೆ ಮರಣದಂಡನೆ ಬೇಡವೆಂದು ಶಿಫಾರಸು ಮಾಡಿತು. ಸಂಸತ್ತು ಎದುರು ದಿಕ್ಕಿನಲ್ಲಿಯೇ ನಡೆದಿದೆ. 2018ರಲ್ಲಿ ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೆ ಗಲ್ಲನ್ನು ಸೇರಿಸಿತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಗಲ್ಲು ಉಳಿದಿದೆ. ಆಯೋಗದ ಆ ಒಂದು ಅಪವಾದವನ್ನು ಉಳಿಸಿಕೊಂಡರೆ ಸಾಕಲ್ಲವೆ ಎಂದು ಸೋಮವಾರದ ಗೆಳೆಯರು ಕೇಳುತ್ತಾರೆ. ನನಗೆ ಅದೂ ಒಪ್ಪಿಗೆಯಿಲ್ಲ. ದೇಶವೇ ಕುದಿಯುತ್ತಿರುವಾಗ ತನಿಖೆಗೆ ಆತುರ ಹೆಚ್ಚು, ವಿಶೇಷ ಕಾಯ್ದೆಗಳಲ್ಲಿ ಪೊಲೀಸು ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಗೂ ಬೆಲೆ ಬರುತ್ತದೆ. ಆದುದರಿಂದ ಎಡವುವ ಸಂಭವವೂ ಅಲ್ಲಿಯೇ ಹೆಚ್ಚು. 2002ರ ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ ಪೋಟಾ ಕಾಯ್ದೆಯಡಿ ಶಿಕ್ಷೆಯಾಗಿದ್ದ ಆರು ಮಂದಿಯಲ್ಲಿ ಮೂವರಿಗೆ ಗಲ್ಲಾಗಿತ್ತು. 2014ರ ಮೇ 16ರಂದು ಸರ್ವೋಚ್ಚ ನ್ಯಾಯಾಲಯವು ಆರೂ ಜನರನ್ನು ದೋಷಮುಕ್ತಗೊಳಿಸಿತು. ಅವರಲ್ಲಿ ಹಲವರು ಅಷ್ಟು ಹೊತ್ತಿಗೆ ಹತ್ತು ವರ್ಷಗಳಷ್ಟು ಕಾಲವನ್ನು ಸೆರೆಯಲ್ಲಿ ಕಳೆದಿದ್ದರು. ಮನೆಗೆ ಹೋದರು.

ಆಸ್ಪತ್ರೆಯ ಖರ್ಚು ಮತ್ತು ಹೊರಗಿನಿಂದ ಬಂದವರ ಹಕ್ಕು, ಈ ಎರಡು ಪ್ರಶ್ನೆಗಳು ಉಳಿದಿವೆ. ಸಂಪಾದಕರು ಸ್ಥಳಾವಕಾಶ ಕೊಟ್ಟರೆ ಮುಂದೊಂದು ಸಂಚಿಕೆಯಲ್ಲಿ ನೋಡೋಣ. ನನ್ನ ಅಭಿಪ್ರಾಯವನ್ನು ಒಪ್ಪದವರು ಪತ್ರಿಕೆಗೆ ಬರೆಯಬೇಕೆಂದು ಕೋರುತ್ತೇನೆ. ಮನೆಯಲ್ಲಿ ಇಂತಹ ಸಾವನ್ನು ಕಂಡವರು ಬರೆದರೆ, ಅವರ ಪತ್ರವನ್ನು ನನ್ನ ಲೇಖನಕ್ಕಿಂತ ಮುಂದಿನ ಪುಟದಲ್ಲಿ ಪ್ರಕಟಿಸಬೇಕೆಂದು ಸಂಪಾದಕರಲ್ಲಿ ಈಗಾಗಲೇ ಬಿನ್ನವಿಸಿಕೊಂಡಿದ್ದೇನೆ. ನನ್ನ ಅಕ್ಕನಿಗೂ ಹೇಳಿದ್ದೇನೆ. ತನ್ನ ಮೊಮ್ಮಗಳ ಕೈಯಿಂದ ಬರೆಸುತ್ತಾಳಂತೆ.